ಪುಸ್ತಕ ಪ್ರಸಾದವಲ್ಲ, ಕಾಳು ನೋಡಿ ಕೊಳ್ಳಿರಿ

ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ನಾನು ಒಂದು ಸುಳ್ಳು ಹೇಳಿ ನಲವತ್ತೊಂದು ಪುಸ್ತಕ ಮಾರಿದೆ. ಆ ಸುಳ್ಳಿನ ಲೆಕ್ಕ ಒಪ್ಪಿಸಲಿಕ್ಕೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ವ್ಯಾಪಾರ ಮಾಡುವ ಓದುಗರಿಗೆ ಇದು ಬೇಗ ತಿಳಿಯುತ್ತದೆ ಎಂಬ ನಂಬಿಕೆ ನನ್ನದು.

ನಾನು ಅಕ್ಕಲಕೋಟ ತಾಲೂಕಿನ ರೈತ. ಎಂಟು ಎಕರೆ ಹೊಲ, ಊರಲ್ಲಿ ಒಂದು ಸಣ್ಣ ಕಾಳಿನ ಅಂಗಡಿ. ಮನೆಯಲ್ಲಿ ಮಾತು ಕನ್ನಡ, ಅಂಗಡಿಯ ಕೀರ್ದಿ ಮರಾಠಿ. ಅರವತ್ತು ದಾಟಿದ ಮೇಲೆ ಒಂದು ಕಾದಂಬರಿ ಬರೆದೆ. ದೊಡ್ಡ ಪ್ರಕಾಶಕರು ಯಾರೂ ಕೈಗೆತ್ತಿಕೊಳ್ಳಲಿಲ್ಲ. ವಿಜಯಪುರ ಕಡೆಯ ಒಬ್ಬ ಸಣ್ಣ ಪ್ರಕಾಶಕರು ಒಪ್ಪಿದರು, ಆದರೆ ಅಚ್ಚಿನ ಖರ್ಚು ನನ್ನದು ಎಂಬ ಕರಾರಿನ ಮೇಲೆ. ಐನೂರು ಪ್ರತಿ, ಇನ್ನೂರಾ ಹದಿನಾರು ಪುಟ, ಬೆಲೆ 180 ರೂಪಾಯಿ. ಐವತ್ತೆಂಟು ಸಾವಿರ ಖರ್ಚಾಯಿತು. ಅದು ಒಂದು ವರ್ಷದ ತೊಗರಿಯ ರೊಕ್ಕ. ಮನೆಯಾಕೆ ಜಗಳ ಮಾಡಲಿಲ್ಲ. "ಆ ಚೀಲಾ ಇಟ್ಟಲ್ಲೆ ಈ ಪುಸ್ತಕದ ಗಂಟು ಇಡ್ರಿ, ಜಾಗಾ ಖಾಲಿ ಆಗ್ಯದಲ್ಲ" ಎಂದಳು, ಅಷ್ಟೇ.

ಕಾದಂಬರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಪಾದಕರು ಮೊದಲೇ ಹೇಳಿದ್ದಾರೆ, "ಲೇಖನಕ್ಕೆ ಜಾಗ ಕೊಡ್ತೇವೆ, ಜಾಹೀರಾತಿಗೆ ದರ ಬೇರೆ ಅದ."

ಕತೆ 1972ರ ಬರದ್ದು. ಆಗ ನಾನು ಹನ್ನೆರಡು ವರ್ಷದ ಹುಡುಗ. ಹೊಲ ಬಿಟ್ಟು ಜನ ಸರಕಾರದ ಬರಗಾಲದ ಕೆಲಸಕ್ಕೆ ಹೋಗುತ್ತಿದ್ದರು. ಖಡಿ ಒಡೆದರು, ರಸ್ತೆ ಹಾಕಿದರು, ಕೆರೆ ತೋಡಿದರು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ, ಕೆಲಸದ ಜಾಗದಲ್ಲಿ ಕೊಡುತ್ತಿದ್ದ ಸುಕಡಿ, ಇವು ನಮ್ಮ ವಾರಿಗೆಯವರಿಗೆ ಇನ್ನೂ ನೆನಪಿವೆ. ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಬೆಳೆದದ್ದು ಆ ಬರದೊಳಗೇ, 1977ರಲ್ಲಿ ಅದು ಕಾಯ್ದೆಯಾಯಿತು.

ಅಂಥ ಕೆರೆಯ ಕೆಲಸದ ಮೇಲಿದ್ದ ಒಬ್ಬ ಕೂಲಿಯ ಮಗಳಿಗೆ ಜ್ವರ ಬರುತ್ತದೆ. ಮಗಳು ಉಳಿದರೆ ಗುಡ್ಡಾಪುರದ ದಾನಮ್ಮದೇವಿಗೆ ಬೆಳ್ಳಿಯ ತೊಟ್ಟಿಲು ಕೊಡುತ್ತೇನೆ ಎಂದು ಹರಕೆ ಹೊರುತ್ತಾನೆ. ದೇವಿಗೆ ನಂಬಿಕೆ ಬರಲಿ ಎಂದು ಸಾಲ ಮಾಡಿ ಮುಂಗಡವೇ ತೊಟ್ಟಿಲು ಮಾಡಿಸುತ್ತಾನೆ. ಮಗಳು ಉಳಿಯುವುದಿಲ್ಲ. ಕೊಟ್ಟ ಮಾತಿಗೆ ಆ ಕಡೆಯಿಂದ ಮಾಲು ಬರಲಿಲ್ಲ, ಇನ್ನು ನಾನು ಯಾಕೆ ಕೊಡಲಿ ಎಂದು ತೊಟ್ಟಿಲನ್ನು ಪತ್ತಾರನಿಗೆ ತಿರುಗಿ ಮಾರಿ ಸಾಲ ತೀರಿಸಬೇಕೆಂದು ಹೊರಡುತ್ತಾನೆ. ಅಷ್ಟರಲ್ಲಿ ಹೆಂಡತಿ ರಾತ್ರೋರಾತ್ರಿ ತೊಟ್ಟಿಲು ಹೊತ್ತು ಗುಡ್ಡಾಪುರಕ್ಕೆ ನಡೆದು ಹೋಗಿ ಒಪ್ಪಿಸಿ ಬರುತ್ತಾಳೆ. ಮುಂದೆ ಮೂವತ್ತು ವರ್ಷ ಇಬ್ಬರೂ ಒಂದೇ ಸೂರಿನ ಕೆಳಗೆ ಬಾಳುತ್ತಾರೆ, ಆ ತೊಟ್ಟಿಲಿನ ಮಾತು ಮಾತ್ರ ಆಡುವುದಿಲ್ಲ. ಹರಕೆ ಅನ್ನುವುದು ಭಕ್ತಿಯೋ ವ್ಯವಹಾರವೋ, ಇದು ಪುಸ್ತಕದ ಪ್ರಶ್ನೆ. ಬರೆದವನು ಗಂಡನ ಪಕ್ಷ ಹಿಡಿದಿದ್ದಾನೆ ಎಂದು ಓದಿದವರಿಗೆ ಗೊತ್ತಾಗುತ್ತದೆ.

ಈಗ ಜಾತ್ರೆಯ ಮಾತು. ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಧ್ವಜ ಹೊರಡುವ ಆ ಜಾತ್ರೆಯನ್ನು ನಮ್ಮ ಕಡೆಯ ಓದುಗರಿಗೆ ವರ್ಣಿಸಬೇಕಾಗಿಲ್ಲ. ಜನರ ದಾರಿಯ ಬದಿಗೆ ಒಂದು ತಟ್ಟು ಹಾಸಿ ಪುಸ್ತಕ ಹರವಿ ಕುಂತೆ. ಮಧ್ಯಾಹ್ನದ ತನಕ ಮೂರು ಪ್ರತಿ ಹೋದವು. ಬಾಜೂಕಿನ ಬಳೆ ಅಂಗಡಿಯವ ನಕ್ಕು, "ಕಾಕಾ, ಹಿಂಗ ಸುಮ್ಮ ಕುಂತರ ಯಾರು ತಗೋತಾರ್ರಿ? ಒದರ್ರಿ" ಅಂದ. ನಾನೂ ಒದರಿದೆ: "ಸಿದ್ಧರಾಮಪ್ಪನ ಪುಸ್ತಕ ರೀ! ಮನ್ಯಾಗ ಇಟ್ಟರ ಒಳ್ಳೇದಾಗ್ತದ!"

ನನ್ನ ಪುಸ್ತಕದಲ್ಲಿ ಸಿದ್ಧರಾಮರು ಬರುವುದು ಎರಡೇ ಕಡೆ, ಕೆರೆ ತೋಡುವ ಕೂಲಿಗಳ ಮಾತಿನಲ್ಲಿ. ಮುಖಪುಟದ ಮೇಲೆ ಕೆರೆಯ ಚಿತ್ರ ಇದೆ ಅನ್ನುವುದೊಂದೇ ನನ್ನ ಆಧಾರ. ಮನೆಯಲ್ಲಿಟ್ಟರೆ ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಹರಕೆಯ ವ್ಯಾಪಾರ ಬೇಡ ಎಂದು ಬರೆದವನೇ ಹರಕೆಯ ವ್ಯಾಪಾರಕ್ಕೆ ಕುಂತಿದ್ದೆ. ಸಂಜೆಯೊಳಗೆ ನಲವತ್ತೊಂದು ಪ್ರತಿ ಖರ್ಚಾದವು. ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ ಎಣಿಸಿ 180 ರೂಪಾಯಿ ಕೊಟ್ಟಳು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, "ತಮ್ಮಾ, ನನಗ ಓದಾಕ ಬರೂದಿಲ್ಲ, ದೇವರ ಜಗಲಿ ಮ್ಯಾಲ ಇಡ್ತೀನಿ" ಎಂದಳು. ಕಾಯಿ, ಬಾಳೆಹಣ್ಣಿನ ಚೀಲದಲ್ಲಿ ಇಟ್ಟುಕೊಂಡು ಹೋದಳು. ತಿರುಗಿ ಕರೆದು ರೊಕ್ಕ ಕೊಡಬೇಕಾಗಿತ್ತು. ನಾನು ಕರೆಯಲಿಲ್ಲ.

ಧಾರ್ಮಿಕ ವಿಷಯದ ಪುಸ್ತಕ ಬರೆದವನಿಗೆ ನಮ್ಮ ಕಡೆ ಮೂರು ಹಾದಿ ತೋರಿಸುತ್ತಾರೆ. ಒಂದನ್ನು ಹೇಳಿದೆ, ದೇವರ ಹೆಸರಿನಲ್ಲಿ ಪ್ರಸಾದದ ಹಾಗೆ ಮಾರುವುದು. ಎರಡನೆಯದು ಹಿರಿಯರ ಹಾದಿ. ಜಾತ್ರೆಯ ನಂತರ ಒಬ್ಬ ಅನುಕೂಲಸ್ಥ ಭಕ್ತರು ಹೇಳಿ ಕಳಿಸಿದರು. "ಸಾವಕಾರ್ರ, ಇನ್ನೂರು ಪ್ರತಿ ನಾನs ತಗೋತೀನಿ, ಭಕ್ತರಿಗೆ ಹಂಚ್ತೀನಿ. ಆದರ ಕೊನೀಗೆ ದೇವಿ ಕನಸಿನ್ಯಾಗ ಬಂದು ಗಂಡಸಿಗೆ ಬುದ್ಧಿ ಹೇಳಿದಳು ಅಂತ ಒಂದು ಅಧ್ಯಾಯ ಸೇರಿಸ್ರಿ" ಎಂದರು. ಅವರ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಕತೆ ಹಾಗೆ ಮುಗಿದರೆ ನೊಂದವರಿಗೆ ಸಮಾಧಾನ ಎಂದು ನಂಬಿದ್ದರು. ಇನ್ನೂರು ಪ್ರತಿ ಎಂದರೆ ನನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗೂದಿಲ್ಲರಿ ಎಂದು ಹೇಳಿ ಬಂದೆ. ಹೇಳಿ ಬರುವಾಗ ಕಾಲು ನಡುಗಿದ್ದು ನಿಜ.

ಮೂರನೆಯದು ಕನ್ನಡದ ಹಾದಿ. "ಗಡಿನಾಡ ಲೇಖಕ, ಪ್ರೋತ್ಸಾಹಿಸಿರಿ" ಎಂದು ಕೇಳುವುದು. ಕರ್ನಾಟಕದ ಒಂದು ಊರಿನ ಸಮಾರಂಭದಲ್ಲಿ ಶಾಲು ಹೊದಿಸಿದರು, ಒಬ್ಬರು ವೇದಿಕೆಯ ಮೇಲೇ ಹತ್ತು ಪ್ರತಿ ಕೊಂಡರು. ಆರು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಆ ಕಟ್ಟು ಕಪಾಟಿನಲ್ಲಿ ದಾರ ಬಿಚ್ಚದೆ ಕೂತಿತ್ತು. ಅವರು ಪ್ರೀತಿಯಿಂದಲೇ ಕೊಂಡಿದ್ದರು, ಆದರೆ ನನ್ನ ಮೇಲಿನ ಕರುಣೆಗೆ ಕೊಂಡಿದ್ದರು. ಗಡಿಯ ಕನ್ನಡಕ್ಕೆ ಕರುಣೆ ಸಾಕಷ್ಟು ಸಿಕ್ಕಿದೆ, ಓದುವವರು ಸಿಕ್ಕಿಲ್ಲ.

ಹಾಗಾದರೆ ಬರೆದವನು ತನ್ನ ಪುಸ್ತಕ ತಾನೇ ಮಾರಬಾರದೇ? ಮಾರಬೇಕು. ಅದರಲ್ಲಿ ನಾಚಿಕೆ ಏನಿಲ್ಲ. ಗಳಗನಾಥರು (1869–1942) ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು, ಸ್ವಂತವಾಗಿಯೂ ಬರೆದವರು. ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಫ. ಗು. ಹಳಕಟ್ಟಿಯವರು ವಕೀಲಿ ಬದಿಗಿಟ್ಟು ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು (1912–1986) ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವಾಗಿ ಕಲಿತು ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ಬರೆದರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಇವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿಕೊಳ್ಳುತ್ತಿಲ್ಲ. ಆದರೆ ಇವರು ಯಾರೂ ಪುಸ್ತಕವನ್ನು ತಾಯತ ಮಾಡಿ ಮಾರಲಿಲ್ಲ. ಓದಲಿ ಎಂದು ಮಾರಿದರು. ಅಷ್ಟೇ ನನ್ನ ಮಾತು.

ನಾವು ಕಾಳು ಮಾರುವಾಗ ಏನು ಮಾಡುತ್ತೇವೆ? ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ಕಾಳು ಗಿರಾಕಿಯ ಅಂಗೈಗೆ ಹಾಕುತ್ತೇವೆ. ಅವನು ಕಲ್ಲು ನೋಡುತ್ತಾನೆ, ಹುಳ ನೋಡುತ್ತಾನೆ, ಹಲ್ಲಿನಲ್ಲಿ ಕಡಿದು ಹಸಿ ಇದೆಯೋ ಒಣಗಿದೆಯೋ ನೋಡುತ್ತಾನೆ. ಆಮೇಲೆ ದರದ ಮಾತು. "ದೇವರ ಹೊಲದ ಜೋಳ, ಬಿಚ್ಚಬ್ಯಾಡ್ರಿ" ಅಂತ ಯಾರಾದರೂ ಅಂದರೆ ಆ ಚೀಲ ನಾವು ಮುಟ್ಟುವುದಿಲ್ಲ. ಪುಸ್ತಕಕ್ಕೆ ಮಾತ್ರ ಬೇರೆ ಕಾಯ್ದೆ ಯಾಕೆ? ದೇವರ ಹೆಸರಿದ್ದ ಕೂಡಲೇ ಬಿಚ್ಚದೆ ಕೊಳ್ಳುತ್ತೇವೆ, ಬಿಚ್ಚದೆ ಪೂಜಿಸುತ್ತೇವೆ.

ಆ ಮುದುಕಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಪುಸ್ತಕದ ಹಿಂಬದಿ ನನ್ನ ಫೋನ್ ನಂಬರ ಅಚ್ಚಾಗಿದೆ. ಶಿವರಾತ್ರಿಯ ಮುಂದೆ ಒಂದು ಫೋನ್ ಬಂತು. ವಿಜಯಪುರದಲ್ಲಿ ಕಾಲೇಜು ಕಲಿಯುವ ಹುಡುಗ. "ಅಜ್ಜಾರ, ನಮ್ಮ ಆಯಿ ಜಾತ್ರ್ಯಾಗ ನಿಮ್ಮ ಪುಸ್ತಕ ತಂದಾಳ. ದಿನಾ ಊದಿನಕಡ್ಡಿ ಹಚ್ತಾಳ. ನಾನು ರಜಾಕ್ಕ ಬಂದಾಗ ತಗದು ಓದಿದೆ. ಇದರಾಗ ಹರಕಿ ಅಂದ್ರ ವ್ಯಾಪಾರ ಅಂತ ಬರದೀರಿ. ಆಯಿಗೆ ಹೇಳಲೇನ್ರಿ, ಬಿಡಲೇನ್ರಿ?"

ನನಗೆ ಬಾಯಿ ಕಟ್ಟಿತು. ಹೇಳಬೇಡ ಎಂದರೆ ನನ್ನ ಸುಳ್ಳು ಆ ಜಗಲಿಯ ಮೇಲೆ ಕಾಯಂ ಕೂಡುತ್ತದೆ. ಕೊನೆಗೆ ಅಂದೆ, "ಹೇಳಬ್ಯಾಡಪಾ, ಓದಿ ಕೇಳಿಸು. ಪೂರಾ ಓದು."

ಹುಡುಗ ಎಂಟು ದಿನ ರಾತ್ರಿ ಊಟವಾದ ಮೇಲೆ ಓದಿ ಕೇಳಿಸಿದನಂತೆ. ಒಂಬತ್ತನೇ ದಿನ ಮುದುಕಿಯೇ ಫೋನಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಮೊದಲು ಕೇಳಿದ್ದು, "ತಮ್ಮಾ, ನಿನ್ನ ಕೂಸು ಯಾವುದರೆ ತೀರಿಕೊಂಡದ ಏನು?" ಇಲ್ಲ ತಾಯಿ ಎಂದೆ. "ಅದಕ್ಕs ನಿನಗ ತಿಳೀಲಿಲ್ಲ. ಆಕಿ ತೊಟ್ಟಿಲಾ ಒಯ್ದು ಕೊಟ್ಟದ್ದು ದೇವರ ಬಾಕಿ ತೀರಿಸಲಿಕ್ಕಲ್ಲೋ. ಖಾಲಿ ತೊಟ್ಟಿಲಾ ಮನ್ಯಾಗ ನೋಡ್ಲಿಕ್ಕ ಆಗಲಿಲ್ಲ. ಮಾರಿದರ ಇನ್ನೊಬ್ಬರ ಕೂಸು ಅದರಾಗ ಮಲಗ್ತದ, ಅದನ್ನೂ ನೋಡ್ಲಿಕ್ಕ ಆಗೂದಿಲ್ಲ. ಅದಕ್ಕ ತಾಯಿ ಕಡೆ ಇಟ್ಟು ಬಂದಾಳ. ಇಷ್ಟೂ ತಿಳೀಲಿಲ್ಲೇನು ಬರದಾವಗ?"

ಮೂರು ವರ್ಷ ಕೂತು ಬರೆದ ಕಾದಂಬರಿಯಲ್ಲಿ ಆ ಹೆಂಗಸು ಯಾಕೆ ಹೋದಳು ಎಂಬುದು ನನಗೆ ಅವತ್ತು ಗೊತ್ತಾಯಿತು. ಓದಲಿಕ್ಕೆ ಬಾರದ ಒಬ್ಬ ಓದುಗಳು ಹೇಳಿಕೊಟ್ಟಳು. ಪುಸ್ತಕ ಜಗಲಿಯ ಮೇಲೇ ಉಳಿದಿದ್ದರೆ ಈ ಮಾತು ನನಗೆ ಸಿಗುತ್ತಿರಲಿಲ್ಲ. ಇನ್ನೂರು ಪ್ರತಿಗೆ ಆಸೆಪಟ್ಟು ಕನಸಿನ ಅಧ್ಯಾಯ ಸೇರಿಸಿದ್ದರೆ ಆಕೆ ಹೌದೆಂದು ಕೈಮುಗಿದು ಸುಮ್ಮನಾಗುತ್ತಿದ್ದಳು. ರೊಕ್ಕ ತಿರುಗಿ ಕೊಡುತ್ತೇನೆ ಎಂದೆ. "ಬ್ಯಾಡ, ಎಂಟು ದಿನಾ ಮಮ್ಮಗ ಬಾಜೂಕ ಕುಂತಿದ್ದ" ಎಂದು ಫೋನ್ ಇಟ್ಟಳು.

ನನ್ನ ಮೊಮ್ಮಗ ಮರಾಠಿ ಶಾಲೆಯ ಹುಡುಗ. ಮನೆಯಲ್ಲಿ ಚಂದ ಕನ್ನಡ ಮಾತಾಡುತ್ತಾನೆ, ಅಕ್ಷರ ಮಾತ್ರ ಬರುವುದಿಲ್ಲ. ಅಜ್ಜನ ಹೆಸರನ್ನು ಮುಖಪುಟದ ಮೇಲೆ ಬೆರಳಿಟ್ಟು ತೋರಿಸಿದರೂ ಓದಲಾರ. ಗಡಿಯ ಈಚೆ ಇಂಥ ಮನೆ ನೂರಾರು ಇವೆ. ನಾನು ಬರೆದದ್ದು ಯಾರಿಗಾಗಿ ಎಂದು ಚಿಂತೆಯಾಗುತ್ತಿತ್ತು. ಮುದುಕಿಯ ಫೋನಿನ ಮೇಲೆ ಒಂದು ಹಾದಿ ಕಂಡಿತು. ನಮ್ಮ ಊರುಗಳಲ್ಲಿ ಶ್ರಾವಣದಲ್ಲಿ ಪುರಾಣ ಓದಿಸುವ ರೂಢಿ ಇದೆ. ಒಬ್ಬ ಓದುತ್ತಾನೆ, ಊರು ಕೇಳುತ್ತದೆ. ಕೇಳುವವರಿಗೆ ಅಕ್ಷರ ಬೇಕಾಗಿಲ್ಲ. ಪುರಾಣ ಮುಗಿದ ಮೇಲೆ ನಾಲ್ಕು ರಾತ್ರಿ ಒಂದು ಕಾದಂಬರಿಗೂ ಕೊಡಬಹುದಲ್ಲ?

ನಮ್ಮ ಊರಲ್ಲಿ ಮಾಡಿ ನೋಡಿದೆ. ಗುಡಿಯ ಕಟ್ಟೆಯ ಮೇಲೆ ನಾನೇ ಓದಿದೆ. ಬರದಲ್ಲಿ ಖಡಿ ಒಡೆದ ಹಿರಿಯರೊಬ್ಬರು, ಕೂಲಿಯನ್ನು ಹೇಗೆ ಅಳೆದು ಕೊಡುತ್ತಿದ್ದರೆಂದು ನಾನು ತಪ್ಪು ಬರೆದದ್ದನ್ನು ತಡೆದು ತಿದ್ದಿದರು. ಇಬ್ಬರು ಎದ್ದು ಹೋದರು, ಮರುದಿನ ತಿರುಗಿ ಬಂದರು. ಹರಕೆಯ ವಿಷಯಕ್ಕೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಆಗಿ ದೊಡ್ಡ ವಾದವೇ ನಡೆಯಿತು. ನಾಲ್ಕು ರಾತ್ರಿಗೆ ಮಾರಿದ್ದು ಒಂಬತ್ತು ಪ್ರತಿ. ಒಂಬತ್ತೂ ಬಿಚ್ಚಿ ನೋಡಿ ಕೊಂಡವು. ಮೊಮ್ಮಗ ಮೂರನೇ ರಾತ್ರಿ, "ಆಜೋಬಾ, ಮುಂದಿಂದು ಈಗs ಹೇಳು" ಅಂದ. ಹೇಳಲಿಲ್ಲ. ಅಕ್ಷರ ಕಲಿತುಕೋ ಎಂದಿದ್ದೇನೆ. ಈಗ ಅ, ಆ ತಿದ್ದುತ್ತಿದ್ದಾನೆ. ಎಷ್ಟು ದಿನ ತಿದ್ದುತ್ತಾನೋ ನೋಡಬೇಕು.

ಸಣ್ಣ ಪ್ರಕಾಶಕರ ಪುಸ್ತಕ ಕೊಳ್ಳುವವರಿಗೆ ಎರಡು ವ್ಯವಹಾರದ ಮಾತು. ಅಂಗಡಿಯ ಮುಖಾಂತರ ಹೋದರೆ ಬೆಲೆಯ ಮೂರನೇ ಒಂದು ಭಾಗದ ಆಚೀಚೆ ಕಮಿಷನ್ ಹೋಗುತ್ತದೆ. ಅದು ಅವರ ಕಷ್ಟದ ದುಡಿಮೆ, ತಕರಾರಿಲ್ಲ. ಆದರೆ ನೇರ ತರಿಸಿಕೊಂಡರೆ ಬರೆದವನಿಗೆ ಉಸಿರಾಡಲಿಕ್ಕೆ ಅನುಕೂಲ. ಮೊದಲಿನ ರಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರದಲ್ಲಿ ನಿಂತಾಗ ನಮ್ಮಂಥವರಿಗೆ ಪೆಟ್ಟು ಬಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ತೆಗೆಯಿತು, ಮುನ್ನೂರು ಗ್ರಾಮಿಗೆ 20 ರೂಪಾಯಿಯಿಂದ ಐದು ಕಿಲೋಕ್ಕೆ 100 ರೂಪಾಯಿ ತನಕ ದರ ಇಟ್ಟಿತು, ತೆರಿಗೆ ಬೇರೆ. ಊರವರು ನಾಲ್ಕೈದು ಜನ ಕೂಡಿ ಪುಸ್ತಕ ತರಿಸಿದರೆ ಅಗ್ಗ ಬೀಳುತ್ತದೆ.

ಇನ್ನು ಮುಂದೆ ನಾನು ಜಾತ್ರೆಗೆ ಹೋಗುವುದು ಬಿಡುವುದಿಲ್ಲ. ಅದೇ ತಟ್ಟು ಹಾಸುತ್ತೇನೆ, ಒದರುವುದನ್ನೂ ಬಿಡುವುದಿಲ್ಲ. ಆದರೆ ಈಗ ಒದರುವುದು ಬೇರೆ: "ಎರಡು ಪುಟ ಓದ್ರಿ, ಇಲ್ಲಾ ನಾನು ಓದ್ತೀನಿ ಕೇಳ್ರಿ, ಸೇರಿದರ ತಗೋಳ್ರಿ." ಮಾರಾಟ ಕಡಿಮೆಯಾಗಿದೆ. ಗಂಟಿನಲ್ಲಿ ಇನ್ನೂ ಇನ್ನೂರಾ ಎಪ್ಪತ್ತರ ಮೇಲಿವೆ, ತೊಗರಿ ಬಂದರೆ ಜಾಗ ಬೇಕೆಂದು ಮನೆಯಾಕೆ ಆಗಾಗ ನೆನಪಿಸುತ್ತಾಳೆ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಾನಾಗಲಿ, ನನ್ನಂಥ ಇನ್ನೊಬ್ಬರಾಗಲಿ ಪುಸ್ತಕ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ದೇವರ ಮುಖ ನೋಡಿ ಕೊಳ್ಳಬೇಡಿರಿ, ಕನ್ನಡದ ಮುಖ ನೋಡಿಯೂ ಕೊಳ್ಳಬೇಡಿರಿ. ಒಳಗೇನದ ತೋರಿಸ್ರಿ ಅನ್ನಿರಿ. ಕಾಳು ಚಲೋ ಇದ್ದರೆ ತಗೊಳ್ಳಿರಿ. ಕಲ್ಲು ಕಂಡರೆ ಅಲ್ಲೇ ಹೇಳಿರಿ, ಬೇಸರ ಮಾಡಿಕೊಳ್ಳುವುದಿಲ್ಲ.