ಟೈಮಿಂಗ್ ಕಿವಿಗೆ ಬಿಡಬೇಡಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಾಮಗಾರಿಯನ್ನು ಎರಡು ಪಾಲು ಮಾಡಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ: ಬೆಂಗಳೂರಿನ ಕಡೆಗೆ 56 ಕಿ.ಮೀ., ಮೈಸೂರಿನ ಕಡೆಗೆ 61. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆಯಾದ ಮೇಲೆ ಹಳೆ ಕಾರುಗಳ ಓಟವೇ ಬೇರೆಯಾಯಿತು. ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಊರೂರಿಗೂ ಗೇರು ಇಳಿಸುತ್ತಿದ್ದ ಅಂಬಾಸಿಡರ್, ಪದ್ಮಿನಿ, ಕಾರ್ಬ್ಯುರೇಟರ್ ಕಾಲದ ಮಾರುತಿ 800ಗಳು ಈಗ ಬೈಪಾಸ್ ಮೇಲೆ ಒಂದೇ ಸಮನೆ ಓಡಬೇಕು. ಎಷ್ಟೋ ಕಡೆ ಕಿಡಿಯ ಟೈಮಿಂಗ್ ಇಡುವ ಪದ್ಧತಿ ಮಾತ್ರ ಹಿಂದಿನದೇ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಅತ್ತಿತ್ತ ತಿರುಗಿಸಿ, ಸದ್ದು ಎಲ್ಲಿ ಹುರುಪಾಗಿ ಬಂತೋ ಅಲ್ಲೇ ಬಿಗಿದುಬಿಡುವುದು. ಈ ಕಿವಿಯ ಲೆಕ್ಕ ಇನ್ನು ಸಾಲದು.

ನಿಂತ ಕಾರಿನ ಎಂಜಿನ್ ಮೇಲೆ ಭಾರವಿರುವುದಿಲ್ಲ. ಆಗ ಕಿಡಿಯನ್ನು ಮುಂಚೆ ತಂದಷ್ಟೂ ಒಂದು ಹಂತದವರೆಗೆ ಓಟ ಏರುತ್ತದೆ. ಕಿವಿ ಅದನ್ನೇ ‘ಸರಿ’ ಎಂದು ಒಪ್ಪಿಕೊಳ್ಳುತ್ತದೆ. ಅದೇ ಕಾರು ಐದು ಜನರನ್ನು ಹೊತ್ತು ಏರು ಹತ್ತುವಾಗ ನಾಕಿಂಗ್ ಶುರುವಾಗುತ್ತದೆ. ಮದ್ದೂರಿನ ಪೇಟೆಯೊಳಗಾದರೆ ಆ ಟಕಟಕ ಕೇಳಿ ಚಾಲಕ ಕಾಲು ಸಡಿಲಿಸುತ್ತಿದ್ದ. ಎಕ್ಸ್‌ಪ್ರೆಸ್‌ವೇಯ ಗಾಳಿ, ಟೈರುಗಳ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ, ಪಿಸ್ಟನ್ ಮಾತ್ರ ಏಟು ತಿನ್ನುತ್ತಲೇ ಇರುತ್ತದೆ. ಕಿಡಿ ತಡವಾದರೂ ಸುಖವಿಲ್ಲ: ಪಿಕಪ್ ಹೋಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲ್ ದಂಡ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಕ್ರ್ಯಾಂಕಿನ ಒಂದು ಡಿಗ್ರಿ ದಾಟುವುದು ಸೆಕೆಂಡಿನ 18,000ನೇ ಒಂದು ಪಾಲಿನಲ್ಲಿ. ಸಾಲದ್ದಕ್ಕೆ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಕೈಯಲ್ಲಿ ಒಂದು ಡಿಗ್ರಿ ತಿರುಗಿಸಿದರೆ ಟೈಮಿಂಗ್ ಎರಡು ಡಿಗ್ರಿ ಸರಿಯುತ್ತದೆ.

ಬಿಚ್ಚಿದ ಡಿಸ್ಟ್ರಿಬ್ಯೂಟರನ್ನು ಮತ್ತೆ ಕೂರಿಸುವಾಗ ಆಗುವ ದೊಡ್ಡ ತಪ್ಪೂ ಈ ಎರಡಕ್ಕೊಂದರ ಲೆಕ್ಕದಿಂದಲೇ ಬರುವುದು. ಪುಲ್ಲಿಯ ಗುರುತು ಸೂಚಿಗೆ ನೇರ ಬಂದ ಮಾತ್ರಕ್ಕೆ ಆಗಲಿಲ್ಲ. ಒಂದನೇ ಸಿಲಿಂಡರ್ ಆಗ ಹೊಗೆ ಬಿಡುವ ಸರದಿಯಲ್ಲೂ ಇರಬಹುದು. ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳಿಟ್ಟು ಎಂಜಿನ್ ತಿರುಗಿಸಿದಾಗ ಗಾಳಿ ಬೆರಳನ್ನು ತಳ್ಳಿದರೆ ಅದೇ ಕಂಪ್ರೆಷನ್. ಆಗ ಗುರುತು ಸೇರಿಸಿ, ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿದೆಯೇ ನೋಡಬೇಕು. ಪಾಯಿಂಟ್ ಇರುವ ಗಾಡಿಯಲ್ಲಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಅಂಬಾಸಿಡರಿಗೆ ಸುಮಾರು 0.4 ಮಿ.ಮೀ. ಗ್ಯಾಪ್ ಬೇಕು; ಅದು ಹಿಗ್ಗಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ತಾನಾಗಿಯೇ ಮುಂದೆ ಹೋಗುತ್ತದೆ. ಕೊನೆಗೆ 12 ವೋಲ್ಟಿನ ಚಿಕ್ಕ ಬಲ್ಬಿನ ಒಂದು ವೈರನ್ನು ಪಾಯಿಂಟಿನ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು ಇಗ್ನಿಷನ್ ಹಾಕಿ. ಪಾಯಿಂಟ್ ತೆರೆದ ಕ್ಷಣ, ಅಂದರೆ ಕಿಡಿ ಹಾರುವ ಕ್ಷಣ, ಬಲ್ಬು ಹತ್ತುತ್ತದೆ. ಈ ಬಲ್ಬಿಗೆ ಎರಡು ಕಾಫಿಯ ದುಡ್ಡೂ ಆಗಲಾರದು.

ಅನುಭವಿ ಮೆಕ್ಯಾನಿಕ್ಕುಗಳು ಇದಕ್ಕೆ ಕೊಡುವ ಉತ್ತರ ಹಗುರವಾದುದಲ್ಲ. ಪುಸ್ತಕದ ಡಿಗ್ರಿ ಬರೆದದ್ದು ಅಂದಿನ ಪೆಟ್ರೋಲಿಗೆ. ಈಗ ಸೀಸವಿಲ್ಲ, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಶೇ 20ರ ಎಥನಾಲ್ ಮಿಶ್ರಣ ಬಂದಿದೆ, ಅದರ ಆಕ್ಟೇನೂ ಹೆಚ್ಚು, ಹೀಗಿರುವಾಗ ಹಳೆ ಗುರುತಿಗೆ ಏನು ಬೆಲೆ ಎಂಬುದು ಅವರ ಪ್ರಶ್ನೆ. ಇಂಧನ ಬದಲಾದದ್ದು ನಿಜ, ಕಬ್ಬಿನ ಜಿಲ್ಲೆಯಾದ ಮಂಡ್ಯಕ್ಕೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಹೊಂದಿಸಿಕೊಳ್ಳುವುದಕ್ಕೂ ಎಲ್ಲಿಂದ ಹೊರಟೆವು ಎಂಬುದು ಗೊತ್ತಿರಬೇಕಲ್ಲ. ಗುರುತಿಗೆ ಇಟ್ಟು, ಭಾರ ಹೇರಿ ಓಡಿಸಿ ನೋಡಿ, ಆಮೇಲೆ ಒಂದೆರಡು ಡಿಗ್ರಿ ಸರಿಸಿದರೆ ಅದು ಲೆಕ್ಕ. ಗುರುತನ್ನೇ ನೋಡದೆ ತಿರುಗಿಸಿದರೆ ಬರೀ ಅಂದಾಜು. ಪಳಗಿದ ಕಿವಿಗೆ ಕೆಲಸವಿರುವುದು ಆ ಕೊನೆಯ ಒಂದೆರಡು ಡಿಗ್ರಿಯಲ್ಲಿ.

ಹೊಗೆ ತಪಾಸಣೆಯಲ್ಲಿ ಪಾಸಾಗಿದೆಯಲ್ಲ ಎನ್ನುವ ಮಾಲೀಕರೂ ಇದ್ದಾರೆ. ಅದು ನಿಂತ ಎಂಜಿನ್ನಿನ ಪರೀಕ್ಷೆ. ಕಿಡಿ ತಡವಾಗಿಟ್ಟ ಕಾರು ಅಲ್ಲಿ ಸಲೀಸಾಗಿ ಪಾಸಾಗಿ, ರಸ್ತೆಯಲ್ಲಿ ಪೆಟ್ರೋಲ್ ಕುಡಿಯಬಲ್ಲದು. ಇಂಥ ಕಾರುಗಳು ಇನ್ನೆಷ್ಟು ಉಳಿದಿವೆ ಎಂದು ಕೇಳಬಹುದು. ಕಡಿಮೆಯೇ, ಹಾಗಾಗಿಯೇ ಪಿಸ್ಟನ್ ಒಡೆದ ಮೇಲೆ ಬದಲಿ ಸಾಮಾನು ಹುಡುಕುವ ಪಾಡು ಹೆಚ್ಚು. ಗ್ಯಾರೇಜಿನವರು ಪ್ಲಗ್, ಆಯಿಲ್ ಎಂದು ಬಿಲ್ಲಿನಲ್ಲಿ ಬರೆಯುವಾಗ ಟೈಮಿಂಗ್ ಎಷ್ಟು ಡಿಗ್ರಿಗೆ ಇಟ್ಟೆವು ಎಂಬುದನ್ನೂ ಒಂದು ಸಾಲು ಬರೆಯಲಿ, ಮಾಲೀಕರೂ ಅದನ್ನು ಕೇಳಿ ಪಡೆಯಲಿ.