ಬಳಸಿದ ವೇಗದ ಕಾರು: ಕೊಳ್ಳುವ ಮುನ್ನ ಪರೀಕ್ಷೆ

ಮನೆಗೆ ಹಸುವನ್ನು ತರುವಾಗ ನಮ್ಮ ಹಿರಿಯರು ಅದರ ಹಲ್ಲು, ಗೊರಸು, ಕೆಚ್ಚಲುಗಳನ್ನು ನೋಡಿ, ಒಂದು ಹೊತ್ತು ತಾವೇ ಹಾಲು ಕರೆದು, ಆಮೇಲೆ ಬೆಲೆಯ ಮಾತನ್ನೆತ್ತುತ್ತಿದ್ದರು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹಣವನ್ನು ತೆತ್ತು ತರುವ ಹಳೆಯ ಮೋಟಾರು ಕಾರನ್ನು ಮಾತ್ರ ನಾವು ಬಣ್ಣದ ಹೊಳಪನ್ನು ನೋಡಿ ಕೊಳ್ಳುತ್ತೇವೆ. ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ತೋರಣಗಲ್ಲಿನಲ್ಲಿ ಕೆಲಸ ದೊರೆತ ನನ್ನ ಸೋದರಳಿಯನಿಗೆ ಹೊಸಪೇಟೆಯಿಂದ ದಿನವೂ ಹೋಗಿಬರಲು ಒಂದು ಕಾರು ಬೇಕಾಯಿತು. ಅದು ಚಿಕ್ಕದಾಗಿರಬೇಕು, ಆದರೆ ಬಾಣದಂತೆ ಓಡಬೇಕೆಂಬುದು ಅವನ ಹಂಬಲ. ೨೦೧೩ರಲ್ಲಿ ನಮ್ಮ ದೇಶಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ೨೦೧೭ರಲ್ಲಿ ಬಂದ ಮಾರುತಿಯ ಬಲೇನೊ ಆರ್‌ಎಸ್ ಮೊದಲಾದವು ಈ ಜಾತಿಯವು. ಈಗ ಇವೆರಡನ್ನೂ ಇಲ್ಲಿ ಹೊಸದಾಗಿ ಮಾರುತ್ತಿಲ್ಲವಾದುದರಿಂದ ಬೇಕೆಂದವರಿಗೆ ಹಳೆಯದೇ ಗತಿ. ಹುಡುಗನ ಉಳಿತಾಯವು ಸಾಲದಾಗಲು ಅವನ ತಾಯಿಯು ತನ್ನ ಎರಡೆಳೆಯ ಸರವನ್ನು ಮಾರಿ ಹಣ ಕೂಡಿಸಿದಳು.

ನೋಡಹೋದ ಕಾರು ಕನ್ನಡಿಯಂತಿತ್ತು. ನಾನಾಗಿದ್ದರೆ ಅಲ್ಲಿಯೇ ಮುಂಗಡ ಕೊಟ್ಟುಬಿಡುತ್ತಿದ್ದೆನು. ಆದರೆ ಹಿಂದೆ ನನ್ನಲ್ಲಿ ಸಂಸ್ಕೃತ ಕಲಿತು, ಈಗ ಯಂತ್ರಗಳ ರಿಪೇರಿಯಿಂದ ಜೀವಿಸುತ್ತಿರುವ ಶಿಷ್ಯನೊಬ್ಬನು ಜೊತೆಗೆ ಬಂದಿದ್ದನು. ಅವನು ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈಯಿಟ್ಟು, "ಗುರುಗಳೇ, ನಾವು ಬರುವ ಮೊದಲೇ ಇದನ್ನು ಓಡಿಸಿ ಬಿಸಿಮಾಡಿದ್ದಾರೆ. ನಾಳೆ ಮುಂಜಾನೆ ಬರೋಣ. ಅಲ್ಲಿಯವರೆಗೆ ಯಾರೂ ಚಾಲೂ ಮಾಡಕೂಡದೆಂದು ಹೇಳಿರಿ" ಎಂದನು.

ಮರುದಿನ ಕೀಲಿ ತಿರುಗಿಸಿದೊಡನೆ ಎಂಜಿನ್ನಿನೊಳಗೆ ಸರಪಳಿಯನ್ನು ಜಗ್ಗಿದಂತೆ ಎರಡು ಮೂರು ಕ್ಷಣ ಗಲಗಲ ಶಬ್ದವಾಯಿತು. ಹಿಂದಿನ ಕೊಳವೆಯಿಂದ ನೀಲಿ ಹೊಗೆಯು ಹೊರಟಿತು. ಶಿಷ್ಯನು ನಕ್ಕು, "ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ತರ್ಕದ ಪಾಠದಲ್ಲಿ ಕಲಿಸಿದಿರಿ. ನಮ್ಮ ಕಸುಬಿನಲ್ಲಿ ಹೊಗೆಯ ಬಣ್ಣವನ್ನೂ ಕೇಳಬೇಕು" ಎಂದನು.

ಅವನು ಹೇಳಿದ ವಿವರ ಹೀಗಿದೆ. ನೀಲಿ ಹೊಗೆಯಾದರೆ ಎಣ್ಣೆಯು ಉರಿಯುತ್ತಿದೆ. ಪಿಸ್ಟನ್ನಿನ ಉಂಗುರಗಳೋ, ಕವಾಟಗಳ ಸೀಲುಗಳೋ, ಟರ್ಬೊ ಯಂತ್ರದ ಸೀಲೋ ಸವೆದಿದೆಯೆಂದರ್ಥ. ಕಪ್ಪಾದರೆ ಇಂಧನವು ಹೆಚ್ಚಾಗಿ, ಪೂರ್ಣವಾಗಿ ಉರಿಯುತ್ತಿಲ್ಲ. ಚಳಿಯ ಬೆಳಗಿನಲ್ಲಿ ಕೊಂಚ ಬಿಳಿಯ ಆವಿ ಸಹಜ. ಎಂಜಿನ್ ಕಾದ ಮೇಲೆಯೂ ಬಿಳಿ ಹೊಗೆಯು ನಿಲ್ಲದೆ ಸಿಹಿ ವಾಸನೆ ಬಂದರೆ ತಂಪುಗೊಳಿಸುವ ನೀರು ಒಳಗೆ ಸೋರುತ್ತಿದೆ. ಆಗ ಎಣ್ಣೆಯ ಮುಚ್ಚಳದ ಒಳಭಾಗದಲ್ಲಿ ಮಜ್ಜಿಗೆಯಂತಹ ನೊರೆಯಿದೆಯೇ ಎಂದು ನೋಡತಕ್ಕದ್ದು. ತಣ್ಣಗಿದ್ದಾಗ ಕೇಳುವ ಗಲಗಲ ಶಬ್ದವು ಬಹುಶಃ ಟೈಮಿಂಗ್ ಸರಪಳಿ ಸಡಿಲವಾದುದರ ಕುರುಹು. ಸರಪಳಿಯ ಬದಲು ಪಟ್ಟಿಯಿರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದರೆಂಬ ರಸೀತಿಯನ್ನು ಕೇಳಬೇಕು. ಪಟ್ಟಿಯು ಹರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ನು ಕವಾಟಗಳಿಗೆ ಬಡಿದು ಎಲ್ಲವೂ ಹಾಳಾಗುತ್ತದೆ.

ಇನ್ನು ಓಡಿಸಿ ನೋಡುವ ಪರೀಕ್ಷೆ. ವೇಗದ ಕಾರನ್ನು ಹಿಂದಿನವರು ವೇಗವಾಗಿಯೇ ಓಡಿಸಿರುತ್ತಾರೆ; ಆದುದರಿಂದ ಕ್ಲಚ್ಚು, ಗೇರು, ಬ್ರೇಕುಗಳೇ ಮೊದಲು ಸವೆಯುವುವು. ಸಂಡೂರಿನ ಕಡೆಯ ಏರಿನಲ್ಲಿ ಮೇಲಿನ ಗೇರಿನಲ್ಲಿದ್ದು ವೇಗವರ್ಧಕವನ್ನು ಒತ್ತಿರಿ. ಎಂಜಿನ್ನಿನ ಸದ್ದು ಮಾತ್ರ ಏರಿ ಗಾಡಿಯು ಮುಂದೆ ಜಿಗಿಯದಿದ್ದರೆ ಕ್ಲಚ್ಚು ಜಾರುತ್ತಿದೆ. ಮೂರರಿಂದ ಎರಡನೆಯ ಗೇರಿಗೆ ಇಳಿಸುವಾಗ ಕರಕರವೆಂದರೆ ಗೇರುಪೆಟ್ಟಿಗೆಯು ನೊಂದಿದೆ. ಎರಡು ಕ್ಲಚ್ಚುಗಳುಳ್ಳ ತಾನೇ ಗೇರು ಬದಲಿಸುವ ಕಾರಾದರೆ ಸಂತೆಯ ಜನಸಂದಣಿಯಲ್ಲಿ ಮೆಲ್ಲಗೆ ನಡೆಸಿ, ಅದು ನಡುಗುವುದೇ ಎಂದು ಪರೀಕ್ಷಿಸಿರಿ. ಚಕ್ರವನ್ನು ಪೂರ್ಣವಾಗಿ ತಿರುಗಿಸಿ ಸುತ್ತುವಾಗ ಟಕಟಕ ಕೇಳಿದರೆ ಚಕ್ರದಂಡದ ಕೀಲು ಸವೆದಿದೆ. ಬ್ರೇಕು ಒತ್ತಿದಾಗ ಸ್ಟೀರಿಂಗು ನಡುಗಿದರೆ ಬ್ರೇಕಿನ ತಟ್ಟೆಗಳು ಸಮನಾಗಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಎರಡು ದೋಷಗಳುಂಟು. ಒಂದು, ಸಂಡೂರಿನ ಅದಿರಿನ ಕೆಂಪು ಧೂಳು. ಹೆಚ್ಚು ಗಾಳಿ ಎಳೆಯಲೆಂದು ಕೆಲವರು ಮೂಲದ ಗಾಳಿಶೋಧಕವನ್ನು ತೆಗೆದು ಬೇರೆಯದನ್ನು ಹಾಕಿಸುತ್ತಾರೆ. ಅದು ಸರಿಯಾಗಿಲ್ಲದಿದ್ದರೆ ಧೂಳು ಒಳಹೊಕ್ಕು ಸಿಲಿಂಡರನ್ನು ಅರದಂತೆ ಉಜ್ಜುತ್ತದೆ. ರೇಡಿಯೇಟರಿನ ಎಲೆಗಳೂ ಧೂಳಿನಿಂದ ಮುಚ್ಚಿಹೋಗಬಹುದು. ಆದುದರಿಂದ ಬೇಸಗೆಯ ಮಧ್ಯಾಹ್ನ ತಂಪುಯಂತ್ರವನ್ನು ಹಾಕಿ, ನಿಂತಲ್ಲಿಯೇ ಹತ್ತು ನಿಮಿಷ ಓಡಿಸಿ, ಉಷ್ಣಮಾಪಕದ ಮುಳ್ಳು ಏರುವುದೇ ಎಂದು ನೋಡಿರಿ. ಎರಡನೆಯದು ನೆರೆಯ ನೀರು. ತುಂಗಭದ್ರೆಯು ತುಂಬಿ ಬಂದಾಗ ಕಂಪ್ಲಿಯ ಸೇತುವೆಯೇ ಮುಳುಗುವುದುಂಟು. ದಡದ ಗಾಡಿಗಳ ಗತಿಯನ್ನು ಹೇಳಬೇಕಾದುದಿಲ್ಲ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದರೆ ಒಳಗೆ ಉಳಿದ ಕೆಸರಿನ ಗೆರೆಯು ಕಾಣುತ್ತದೆ.

ಎಂಜಿನ್ನಿನ ಎಚ್ಚರಿಕೆಯ ದೀಪವು ಕೀಲಿ ತಿರುಗಿಸಿದಾಗ ಬೆಳಗಿ, ಚಾಲೂ ಆದ ಮೇಲೆ ಆರಬೇಕು. ಬೆಳಗದೆಯೇ ಇದ್ದರೆ ಅದನ್ನು ಯಾರೋ ಬೇಕೆಂದೇ ಮುಚ್ಚಿರಬಹುದು. ಟೈರಿನ ಪಕ್ಕದ ನಾಲ್ಕು ಅಂಕಿಗಳು ಅದರ ಜಾತಕ: ೧೪೨೧ ಎಂದರೆ ೨೦೨೧ರ ಹದಿನಾಲ್ಕನೆಯ ವಾರ. ಟೈರು ಒಳಅಂಚಿನಲ್ಲಿ ಮಾತ್ರ ಸವೆದಿದ್ದರೆ ಚಕ್ರಗಳ ಜೋಡಣೆಯು ಕೆಟ್ಟಿದೆ, ಅಥವಾ ಗಾಡಿಯ ಎತ್ತರವನ್ನು ತಗ್ಗಿಸಿದ್ದಾರೆ. ತಯಾರಕರು ಕೊಟ್ಟ ಮೂಲರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ತೀರ್ಪು ಕೊಟ್ಟಿರುವುದನ್ನೂ ಗಮನದಲ್ಲಿಡಬೇಕು.

ನಾವು ನೋಡಿದ ಕಾರಿನ ಹಿಂದಿನ ಪೆಟ್ಟಿಗೆಯಲ್ಲಿ ಹೆಚ್ಚುವರಿ ಚಕ್ರವನ್ನು ಎತ್ತಿದಾಗ ಕೆಳಗಿನ ತಗಡಿನಲ್ಲಿ ಬೆಸುಗೆಯ ಗೆರೆಯು ಕಂಡಿತು. ಹಿಂದೆ ಬಲವಾದ ಪೆಟ್ಟು ತಿಂದ ಗಾಡಿಯದು. ಅದಿರು ತುಂಬಿದ ಲಾರಿಗಳ ನಡುವೆ ದಿನವೂ ಹುಡುಗನು ಅದರಲ್ಲಿ ಓಡಾಡಬೇಕಾಗಿತ್ತೆಂಬುದನ್ನು ನೆನೆದು, ಅಲ್ಲಿಯವರೆಗೆ ಬೆಲೆಯನ್ನೇ ಲೆಕ್ಕ ಹಾಕುತ್ತಿದ್ದ ನಾನು ಸುಮ್ಮನಾದೆನು.

ಸೋದರಳಿಯನು ಮೂರು ದಿನ ನನ್ನೊಡನೆ ಮಾತನಾಡಲಿಲ್ಲ. ಈಗ ಬಸ್ಸಿನಲ್ಲಿ ಹೋಗಿಬರುತ್ತ ಬೇರೊಂದು ಕಾರನ್ನು ಹುಡುಕುತ್ತಿದ್ದಾನೆ. ತಾಯಿಯ ಸರವು ಮರಳಿ ಬರಲಿಲ್ಲ. ಅದರ ಹಣವಾದರೂ ಬ್ಯಾಂಕಿನಲ್ಲಿ ಭದ್ರವಾಗಿದೆ. ಶಿಷ್ಯನು ನನ್ನಿಂದ ಕೂಲಿಯನ್ನು ತೆಗೆದುಕೊಳ್ಳಲೊಲ್ಲನು. ವಾಚಕರು ಮಾತ್ರ ಇಂತಹ ಬಲ್ಲವನಿಗೆ ತಕ್ಕ ಸಂಭಾವನೆಯನ್ನಿತ್ತು, ಮುಂಜಾನೆಯೇ ಜೊತೆಗೆ ಕರೆದೊಯ್ಯಲಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.