ಮೊಬೈಲ್ ಬೇಡ ಅನ್ನುವುದಲ್ಲ, ಮನಸ್ಸು ನಮ್ಮ ಕೈಯಲ್ಲಿರಲಿ

ಬಿಜಾಪುರದ ಆದಿಲ್ ಶಾಹಿ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಶಾಹನ ಸಮಾಧಿ ನಮ್ಮ ಗೋಗಿಯಲ್ಲಿ, ಹಜರತ್ ಚಂದಾ ಹುಸೇನಿಯವರ ದರ್ಗಾದ ಹತ್ತಿರ ಇದೆ. 1510ರಲ್ಲಿ ತೀರಿಕೊಂಡ ಆ ಅರಸನ ಬಗ್ಗೆ ಇಂದು ನಮಗೆ ತಿಳಿದಿರುವ ಬಹಳಷ್ಟು ವಿಷಯ ಫೆರಿಸ್ತಾ ಎಂಬ ಇತಿಹಾಸಕಾರ ಬರೆದಿಟ್ಟದ್ದು. 1589ರಲ್ಲಿ ಬಿಜಾಪುರಕ್ಕೆ ಬಂದ ಅವನು ಮೂವತ್ತಕ್ಕೂ ಹೆಚ್ಚು ಹಳೆಯ ಗ್ರಂಥಗಳನ್ನು ಬಳಸಿಕೊಂಡು ಪರ್ಷಿಯನ್ ಭಾಷೆಯಲ್ಲಿ ಇತಿಹಾಸ ಬರೆದ. ಅದನ್ನು ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ಒಪ್ಪಿಸಿದ್ದು 1606ರಲ್ಲಿ. ಎಲ್ಲವೂ ಕೈಬರಹದ ಪುಸ್ತಕಗಳು. ಒಂದು ಮಾತು ಹುಡುಕಲು ಪುಟ ಪುಟ ಓದಬೇಕಿತ್ತು.

ಈಗ ನಮ್ಮ ಕಡೆ ನೋಡೋಣ. ಜನ ಪರದೆಯ ಮೇಲೆ ಒಂದೇ ವಿಷಯವನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇದ್ದದ್ದು ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ.

ಭೌತಶಾಸ್ತ್ರದ ಒಂದು ಲೆಕ್ಕ, ಹಳಗನ್ನಡದ ಒಂದು ಪದ್ಯ 47 ಸೆಕೆಂಡಿನಲ್ಲಿ ಬಿಡಿಸಿಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷ ಕೂತರೆ ದಾರಿ ಕಾಣುತ್ತದೆ. ನಡುವೆ ಮೂರು ಸಲ ಮೆಸೇಜ್ ನೋಡಿದರೆ ಮೂರು ಸಲ ಮೊದಲಿನಿಂದ ಶುರು ಮಾಡಬೇಕು. ಆಮೇಲೆ "ನನ್ನ ತಲೆಗೆ ಹತ್ತುವುದಿಲ್ಲ" ಎನ್ನುತ್ತೇವೆ. ತಲೆ ಸರಿಯಾಗಿಯೇ ಇದೆ, ಅದಕ್ಕೆ ನಾವು ಸಮಯ ಕೊಟ್ಟಿಲ್ಲ.

ರೀಲ್ಸ್ ಪುಕ್ಕಟೆ ಅಂದುಕೊಳ್ಳುತ್ತೇವೆ. ನಾವು ನೋಡುವ ಹೊತ್ತನ್ನೇ ಕಂಪನಿಗಳು ಜಾಹೀರಾತುದಾರರಿಗೆ ಮಾರುತ್ತವೆ. ದೊಡ್ಡ ಊರಿನ ಮಕ್ಕಳಿಗೆ ಟ್ಯೂಷನ್, ಕೋಚಿಂಗ್ ಇದೆ. ಹೊಲದ ದುಡಿಮೆಯಲ್ಲಿ ಫೀಸು ಕಟ್ಟುವ ಮನೆಗಳ ಮಕ್ಕಳಿಗೆ ದುಡ್ಡಿಲ್ಲದೆ ಸಿಗುವ ಬಂಡವಾಳ ಈ ಗಮನ ಒಂದೇ. ಅದನ್ನೂ ಮಾರಿಕೊಂಡರೆ ಉಳಿಯುವುದೇನು?

ಮೊಬೈಲ್ ಬಿಟ್ಟುಬಿಡಿ ಎಂದು ಹೇಳುವುದು ಸುಲಭ, ಆದರೆ ಸ್ಕಾಲರ್‌ಶಿಪ್ ಅರ್ಜಿ, ನೋಟ್ಸ್, ಫಲಿತಾಂಶ ಎಲ್ಲ ಅದರಲ್ಲೇ ಬರುತ್ತವೆ. ಆದ್ದರಿಂದ ಕೇಳುವುದು ಇಷ್ಟೇ: ದಿನಕ್ಕೆ ನಲವತ್ತು ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಒಂದೇ ಪಾಠ ಓದೋಣ. ಕಾಲೇಜಿನಲ್ಲೂ ವಾರಕ್ಕೊಂದು ಪೀರಿಯಡ್ ಗ್ರಂಥಾಲಯದಲ್ಲಿ ಮೌನ ಓದಿಗೆ ಸಿಗಲಿ. ಆ ಹೊತ್ತಿನಲ್ಲಿ ನಮ್ಮ ಉಪನ್ಯಾಸಕರೂ ಮೊಬೈಲ್ ಬದಿಗಿಟ್ಟು ನಮ್ಮ ಜೊತೆ ಕೂತು ಓದಲಿ ಎಂಬುದು ನಮ್ಮ ವಿನಂತಿ. ಹೇಳಿದ್ದಕ್ಕಿಂತ ಕಂಡದ್ದನ್ನು ನಾವು ಬೇಗ ಕಲಿಯುತ್ತೇವೆ.